ವಿಮಾನದ ಸೀಟಿಗೆ ಒಂದು ಹಿಡಿ ಹಳೇ ಹತ್ತಿ

೧

ಎಲ್ಲಿಂದ ಶುರು ಮಾಡಲಿ? ವಿಮಾನದಿಂದಲೋ, ಬಸ್ಸಿನಿಂದಲೋ?

ವಿಮಾನದಿಂದ ಶುರು ಮಾಡಿದರೆ ನೀವು ಮುಂದಕ್ಕೆ ಓದಬಹುದು ಎಂಬ ಆಸೆ. ತೊಂದರೆ ಏನೆಂದರೆ ನಾನು ಈವರೆಗೆ ವಿಮಾನ ಹತ್ತಿಲ್ಲ. ನನಗೀಗ ಅರವತ್ತೊಂಬತ್ತು. ಮೂವತ್ತು ವರ್ಷ ಕಾಲೇಜಿನ ಮಕ್ಕಳಿಗೆ ಭೂಗೋಳ ಹೇಳಿಕೊಟ್ಟಿದ್ದೇನೆ, ಖಂಡಗಳನ್ನೆಲ್ಲ ಬೋರ್ಡಿನ ಮೇಲೆ ಬರೆದು ಗಂಟೆ ಹೊಡೆದಾಗ ಒರೆಸಿದ್ದೇನೆ. ಮೇಲಿನಿಂದ ಮಾತ್ರ ಯಾವುದನ್ನೂ ನೋಡಿಲ್ಲ. (ಮಧುಗಿರಿ ಬೆಟ್ಟದ ತುದಿಯಿಂದ ಒಮ್ಮೆ ನೋಡಿದ್ದೇನೆ, ಮೂವತ್ತೈದರ ವಯಸ್ಸಿನಲ್ಲಿ. ಅದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ನೀವೇ ಹೇಳಿ.)

ವಿಮಾನದ ಬಗ್ಗೆ ನನ್ನ ಹತ್ತಿರ ಇರುವುದು ಪತ್ರಿಕೆಯಿಂದ ಕತ್ತರಿಸಿದ ಮೂರು ತುಂಡುಗಳು.

ಒಂದರಲ್ಲಿ, ಯಾವುದೋ ಕಂಪನಿ ಒಂದೇ ಸಲಕ್ಕೆ ಐನೂರು ವಿಮಾನಗಳಿಗೆ ಆರ್ಡರ್ ಕೊಟ್ಟ ಸುದ್ದಿ ಇದೆ. ಒಂದಕ್ಕೆ ನೂರೆಂಬತ್ತು ಸೀಟು ಎಂದು ಹಿಡಿದು ಗುಣಿಸಿ ನೋಡಿದೆ. ತೊಂಬತ್ತು ಸಾವಿರ ಸೀಟು. ಶಿರಾ ಪೇಟೆಯವರು, ಮಧುಗಿರಿ ಪೇಟೆಯವರು ಎಲ್ಲರೂ ಹೆಚ್ಚುಕಡಿಮೆ ಕೂತುಬಿಡಬಹುದು. ಕೊರಟಗೆರೆಯವರು ನಿಂತುಕೊಂಡು ಬರಬೇಕಾಗುತ್ತದೆ.

ಇನ್ನೊಂದರಲ್ಲಿ, ಸಾಮಾನ್ಯ ದರ್ಜೆಯಲ್ಲೇ ಮೂರು ಸೀಟು ಸೇರಿಸಿ ಹಾಸಿಗೆ ಮಾಡಿಕೊಡುವ ಹೊಸ ಏರ್ಪಾಡು. ಕಾಲಿಡುವ ಹಲಗೆ ಮೇಲಕ್ಕೆ ಬರುತ್ತದೆ, ದಿಂಬು ಕೊಡುತ್ತಾರೆ, ಹೊದಿಕೆ ಕೊಡುತ್ತಾರೆ.

ಮೂರನೆಯದು ಸಣ್ಣ ಸುದ್ದಿ. ಮೂರು ಸೀಟಿನ ಸಾಲಿನಲ್ಲಿ ನಡುವಿನ ಸೀಟನ್ನು ಎರಡು ಬೆರಳಷ್ಟು ಹೆಚ್ಚು ಅಗಲ ಮಾಡಿದ್ದಾರಂತೆ. ಪಾಪ, ನಡುವೆ ಕೂತವರಿಗೆ ಮೊಣಕೈ ಇಡಲು ಜಾಗ ಇರುವುದಿಲ್ಲ ಎಂದು. ನಡುವೆ ಸಿಕ್ಕಿಕೊಂಡವರ ಮೊಣಕೈಯ ಬಗ್ಗೆ ಕೂತು ಯೋಚಿಸಿದ ಆ ಮನುಷ್ಯ ಯಾರೋ, ಯಾವ ದೇಶದವರೋ. ಅವರ ತಾಯಿಯನ್ನು ಒಮ್ಮೆ ಮಾತಾಡಿಸಬೇಕು ಅನ್ನಿಸಿತು.

ಈ ಮೂರನ್ನೂ ನಾನು ಕತ್ತರಿಸಿಟ್ಟಿದ್ದು ಜಮೀಲಾಳಿಗಾಗಿ. ಅವಳು ಸೀಟು ಹೊಲಿಯುವವಳು. ಹೋದ ತಿಂಗಳು ಇವನ್ನು ತೋರಿಸಿದಾಗ, ಇದೇ ತುಂಡುಗಳು ಅವಳನ್ನು ನನ್ನ ಪಕ್ಕದಿಂದ ಎಬ್ಬಿಸಿಕೊಂಡು ಹೋಗುತ್ತವೆ ಎಂದು ಗೊತ್ತಿರಲಿಲ್ಲ. ಗೊತ್ತಿದ್ದರೆ ಕತ್ತರಿಸುತ್ತಿರಲಿಲ್ಲ. (ಸುಳ್ಳು ಹೇಳಬಾರದು. ಕತ್ತರಿಸಿ, ತೋರಿಸದೆ ಇಟ್ಟುಕೊಳ್ಳುತ್ತಿದ್ದೆ.)

ವಿಷಯ ಇಷ್ಟು: ಸೋಮವಾರ ಬೆಳಗಿನೊಳಗೆ ನಾನು ಜಮೀಲಾಳಿಗೆ ಒಂದು ಉತ್ತರ ಹೇಳಬೇಕು. ಹೋಗು ಅನ್ನಬೇಕು, ಇಲ್ಲವೇ ಬೇಡ ಅನ್ನಬೇಕು. ಇವತ್ತು ಶುಕ್ರವಾರ. ಉತ್ತರ ಹೇಳುವ ಬದಲು ಕಥೆ ಬರೆಯುತ್ತಿದ್ದೇನೆ.

೨

ಶಾಸ್ತ್ರಬದ್ಧವಾಗಿ ಶುರು ಮಾಡುತ್ತೇನೆ:

"ಶಿರಾದ ಬುಕ್ಕಾಪಟ್ಟಣ ರಸ್ತೆಯಲ್ಲಿ ಅಸ್ಗರ್ ಕುಷನ್ ವರ್ಕ್ಸ್ ಎಂಬ ಪುಟ್ಟ ಅಂಗಡಿಯಿತ್ತು. ಅಸ್ಗರ್ ತೀರಿಹೋದ ಮೇಲೆ ಅದನ್ನು ನಡೆಸುತ್ತಿದ್ದವಳು ಅವರ ಮಗಳು, ಐವತ್ತೆರಡು ವರ್ಷದ, ಬದುಕಿನಲ್ಲಿ ಬಳಲಿದ ಜಮೀಲಾ."

ಇಲ್ಲಿಗೆ ಬರುವಷ್ಟರಲ್ಲಿ ಹಾಳೆಯ ಮೇಲಿನ ಜಮೀಲಾ ತಲೆ ಎತ್ತಿದಳು.

(ಜಮೀಲಾ ಇಬ್ಬರಿದ್ದಾರೆ, ಗೊಂದಲ ಬೇಡ. ನಿಜವಾದವಳು ನಮ್ಮ ಮನೆಯಿಂದ ಎರಡು ಬೀದಿ ಆಚೆ, ತಾಯಿ ಕಡೆಯ ಮನೆಯಲ್ಲಿ ಇದ್ದಾಳೆ. ಅವಳ ಎದುರು ನನಗೆ ಬಾಯಿ ಬರಲಿಲ್ಲ. ಅದಕ್ಕೇ ಹಾಳೆಯ ಮೇಲೆ ಇನ್ನೊಬ್ಬಳನ್ನು ಮಾಡಿಕೊಂಡು ಕೂತಿದ್ದೇನೆ. ಇವಳೂ ಅವಳಷ್ಟೇ ಮಾತಾಡುತ್ತಾಳೆ.)

"ಐವತ್ತೆರಡು ಯಾಕೆ ಬರೆದ್ರಿ ಮೇಡಂ? ನಲವತ್ತೊಂಬತ್ತು ಅಂತ ಬರೀರಿ."

"ನಿನ್ನ ಆಧಾರ್ ಕಾರ್ಡ್ ನೋಡಿದ್ದೀನಿ ಜಮೀಲಾ."

"ಅರೆ, ಕಥೆಗೆ ಆಧಾರ್ ಕೇಳ್ತಾರಾ? ಮತ್ತೆ ಬಳಲಿದ ಅಂದ್ರೆ ಏನು? ನಾನ್ಯಾವಾಗ ಬಳಲಿದ್ದೆ? ನಿನ್ನೆ ಒಂದೇ ದಿನಕ್ಕೆ ಟ್ರಾಕ್ಟರ್ ಸೀಟು ಎರಡು ಮುಗಿಸಿದ್ದೀನಿ. ತೆಗೀರಿ ಅದನ್ನ."

ತೆಗೆದೆ. ಅವಳ ಮದುವೆಯ ವಿಷಯವನ್ನೂ ಎರಡು ಸಾಲು ಬರೆದಿದ್ದೆ, ಅದನ್ನೂ ತೆಗೆಸಿದಳು. "ನಿಮ್ಮದು ಬರೆದಿದ್ದೀರಾ? ಇಲ್ಲ ಅಲ್ವಾ? ಹಂಗಾದ್ರೆ ನಂದೂ ಬೇಡ." ನ್ಯಾಯವಾದ ಮಾತು. ಹಾಗಾಗಿ ಈ ಕಥೆಯಲ್ಲಿ ಯಾರ ಮದುವೆಯೂ ಇಲ್ಲ.

೨ (ಮತ್ತೊಮ್ಮೆ)

ಬಸ್ಸಿನಿಂದಲೇ ಶುರು ಮಾಡೋಣ.

ಮಧುಗಿರಿಯಲ್ಲಿ ಬೆಳಿಗ್ಗೆ ಎಂಟೂ ಇಪ್ಪತ್ತಕ್ಕೆ ಶಿರಾ ಕಡೆಗೆ ಒಂದು ಖಾಸಗಿ ಬಸ್ಸು. ನಾನು ಶಿರಾದ ಕಾಲೇಜಿಗೆ, ಜಮೀಲಾ ಶಿರಾದ ಅಂಗಡಿಗೆ, ಇಪ್ಪತ್ತೆರಡು ವರ್ಷ ಅದೇ ಬಸ್ಸಿನಲ್ಲಿ ಅಕ್ಕಪಕ್ಕ ಕೂತು ಹೋಗಿದ್ದೇವೆ. ನಾನು ನಿವೃತ್ತಳಾಗಿ ಒಂಬತ್ತು ವರ್ಷವಾಯಿತು. ಆದರೂ ಪ್ರತಿ ಗುರುವಾರ ಎಂಟೂ ಇಪ್ಪತ್ತರ ಬಸ್ಸು ಹತ್ತುತ್ತೇನೆ. ಅವಳ ಅಂಗಡಿಯಲ್ಲಿ ಕೂರುತ್ತೇನೆ, ಎರಡು ಸಲ ಟೀ ಕುಡಿಯುತ್ತೇನೆ, ಸಂಜೆ ಅವಳ ಜೊತೆಗೇ ವಾಪಸ್ಸು ಬರುತ್ತೇನೆ. ಶಿರಾದಲ್ಲಿ ನಿಮಗೇನು ಕೆಲಸ ಎಂದು ಇಷ್ಟು ವರ್ಷದಲ್ಲಿ ಡ್ರೈವರ್ ಕ್ಯಾತಣ್ಣ ಒಂದು ದಿನವೂ ಕೇಳಿಲ್ಲ. ಕೇಳದೆ ಇರುವುದೂ ಒಂದು ಉಪಕಾರವೇ.

ನಮ್ಮ ಕಡೆ ಸೀಟು ಹಿಡಿಯುವ ಪದ್ಧತಿ ನಿಮಗೆ ಗೊತ್ತಿರಬಹುದು. ಬಸ್ಸು ಬಂದು ನಿಲ್ಲುವಷ್ಟರಲ್ಲಿ ಕಿಟಕಿಯಿಂದ ಟವಲು ಹಾಕಬೇಕು. ಟವಲು ಬಿದ್ದ ಸೀಟಿನಲ್ಲಿ ಬೇರೆಯವರು ಕೂರುವ ಹಾಗಿಲ್ಲ. ಜಮೀಲಾ ಹಾಕುವುದು ಟವಲಲ್ಲ, ನೀಲಿ ರೆಕ್ಸಿನ್ನಿನ ಒಂದು ಚೌಕ ದಿಂಬು. ಹದಿನೇಳು ವರ್ಷದ ಹಿಂದೆ ಕಾಲೇಜಿನ ಮೆಟ್ಟಿಲ ಮೇಲೆ ನಾನು ಜಾರಿಬಿದ್ದು ಸೊಂಟದ ಎಡಗಡೆ ನೋವು ಹಿಡಿದುಕೊಂಡಾಗ ಅವಳು ಹೊಲಿದುಕೊಟ್ಟಿದ್ದು. ಕಡಲೆಕಾಯಿ ಸಿಪ್ಪೆ ತುಂಬಿದ ಗೋಣಿಚೀಲದ ಮೇಲೆ ನನ್ನನ್ನು ಕೂರಿಸಿ, ಎಬ್ಬಿಸಿ, ಎಲ್ಲಿ ಎಷ್ಟು ತಗ್ಗಾಗಿದೆ ಎಂದು ಬೆರಳಿನಿಂದ ಅಳೆದು, ಎಡಗಡೆ ಒಂದು ಹಿಡಿ ಹತ್ತಿ ಜಾಸ್ತಿ ತುಂಬಿದಳು. ಬಸ್ ಡ್ರೈವರುಗಳಿಗೂ ಅವಳು ಹಾಗೇ ಮಾಡುವುದು. ಕ್ಯಾತಣ್ಣನ ಸೀಟು ಬಲಗಡೆ ದಪ್ಪ, ಅವನು ಕಿಟಕಿ ಕಡೆ ವಾಲಿಕೊಂಡು ಓಡಿಸುತ್ತಾನೆ.

ದಿಂಬು ಅವಳ ಚೀಲದಲ್ಲೇ ಇರುತ್ತದೆ. ಗುರುವಾರ ಅವಳು ನನಗಿಂತ ಮೊದಲು ಬಂದು ಎಸೆಯುತ್ತಾಳೆ. ನಾನು ಯಾವತ್ತೂ ತಡ.

"ಮೇಡಮ್ನೋರೆ, ನಿಮ್ ಸೀಟು ಬಂದು ಕಾಲ್ಗಂಟೆ ಆತು. ನೀವು ಈಗ್ ಬರ್ತಿದೀರಲ್ಲ!" ಎಂದು ಕ್ಯಾತಣ್ಣ ಕೂಗುತ್ತಾನೆ. ಕೂಗುತ್ತಲೇ ಬಸ್ಸನ್ನು ನಾಲ್ಕು ಅಡಿ ಮುಂದಕ್ಕೆ ತಂದು, ಎತ್ತರದ ಕಲ್ಲಿನ ಪಕ್ಕಕ್ಕೆ ಸರಿಯಾಗಿ ನಿಲ್ಲಿಸುತ್ತಾನೆ. ನಾನು ಕಲ್ಲು ಹತ್ತಿ ಬಸ್ಸು ಹತ್ತುತ್ತೇನೆ. ನಾವಿಬ್ಬರೂ ಇದರ ಬಗ್ಗೆ ಮಾತಾಡಿಲ್ಲ.

ಒಂದು ಸಲ ಐ.ಡಿ.ಹಳ್ಳಿ ಕಡೆಯವನೊಬ್ಬ ಸಿಟ್ಟಿನಿಂದ ದಿಂಬು ಎತ್ತಿ ಹಿಡಿದು, "ಯಾರ್ದಮ್ಮ ಇದು? ದಿಂಬಿಗೂ ಒಂದು ಸೀಟಾ?" ಅಂದ.

"ದಿಂಬಲ್ಲ ಕಣಣ್ಣ, ಅದು ನಮ್ ಮೇಡಂ," ಅಂದಳು ಜಮೀಲಾ. "ಅರ್ಧ ಬಂದವ್ರೆ. ಮಿಕ್ಕಿದ್ದು ಬರ್ತಾ ಐತೆ."

ಅವನು ನಕ್ಕು ದಿಂಬನ್ನು ಅಲ್ಲೇ ಇಟ್ಟ, ಬಡವನಹಳ್ಳಿವರೆಗೂ ನಿಂತೇ ಬಂದ.

೩

ನಿನ್ನೆ ಗುರುವಾರ. ಅಂಗಡಿಯಲ್ಲಿ ನಡೆದದ್ದನ್ನು ಈಗ ಬರೆಯಲೇಬೇಕು, ಇನ್ನು ತಪ್ಪಿಸಿಕೊಳ್ಳುವಂತಿಲ್ಲ.

ಅಂಗಡಿಯಲ್ಲಿ ಕೆಲಸ ಕಡಿಮೆಯಾಗಿದೆ. ಬಸ್ಸುಗಳೆಲ್ಲ ಈಗ ಫ್ಯಾಕ್ಟರಿಯ ಸೀಟು ಹಾಕಿಕೊಂಡೇ ಬರುತ್ತವೆ, ಹರಿದರೆ ಹೊಸದು ತರಿಸುತ್ತಾರೆ. ಟ್ರಾಕ್ಟರ್ ಸೀಟು, ಬಲಸಮುದ್ರದ ಸೋಲಾರ್ ಪಾರ್ಕ್ ಕಡೆಯಿಂದ ಯಾವಾಗಲಾದರೂ ಒಂದು ಜೀಪು. ಅಷ್ಟೇ. ಇಂಥ ಹೊತ್ತಿನಲ್ಲಿ, ಹೋದ ತಿಂಗಳು, ನಾನು ಹೋಗಿ ವಿಮಾನದ ತುಂಡುಗಳನ್ನು ತೋರಿಸಿದೆ.

ಮೂರು ಸೀಟಿನ ಹಾಸಿಗೆ ನೋಡಿ ಅವಳು ಬಿದ್ದು ಬಿದ್ದು ನಕ್ಕಿದ್ದಳು. "ಇದೇನು ಹೊಸದು ಮೇಡಂ? ಪಾವಗಡದ ಬಸ್ಸಲ್ಲಿ ಹಿಂದಿನ ಸೀಟ್ನಾಗೆ ಐದು ಜನದ ಜಾಗ ಹಿಡ್ಕೊಂಡು ಒಬ್ಬ ದಿನಾ ಮಲಗಿರ್ತಾನೆ. ಅವನಿಗೆ ಕಂಬಳಿ ಕೊಡಲ್ಲ, ಅಷ್ಟೇ ಫರಕು." ಆದರೆ ತೊಂಬತ್ತು ಸಾವಿರ ಅಂದಾಗ ನಗು ನಿಲ್ಲಿಸಿದಳು. "ಅಷ್ಟು ಸೀಟು ಯಾರು ಹೊಲೀತಾರೆ?"

ಅವಳ ತಂಗಿಯ ಮಗಳು ಸಾದಿಯಾಳಿಗೆ ಗೊತ್ತಿತ್ತು. ವಿಮಾನ ನಿಲ್ದಾಣದ ಆ ಕಡೆ ಸೀಟು ತಯಾರಿಸುವ ಹೊಸ ಕಾರ್ಖಾನೆ. ಕೈಕೆಲಸ ಬಲ್ಲ ಹೊಲಿಗೆಯವರು ಬೇಕಾಗಿದ್ದಾರೆ, ಇರಲು ಅಲ್ಲೇ ಕ್ವಾರ್ಟರ್ಸ್. ಸಾದಿಯಾ ಫೋನಿನಲ್ಲೇ ಅರ್ಜಿ ಹಾಕಿಸಿದಳು. ಕಳೆದ ಸೋಮವಾರ ಜಮೀಲಾ ಪರೀಕ್ಷೆಗೆ ಹೋಗಿಬಂದಳು. ನನಗೆ ಹೇಳಿದ್ದು ನಿನ್ನೆ.

"ಆಸ್ಪತ್ರೆ ಇದ್ದಂಗೆ ಐತೆ ಮೇಡಂ. ಎಲ್ರಿಗೂ ಬಿಳೀ ಕೋಟು. ನಾನು ಕೇಳ್ದೆ, ಈ ಸೀಟಲ್ಲಿ ಕೂರೋರು ಯಾರು ಅಂತ. 'ಯಾರು ಬೇಕಾದ್ರೂ' ಅಂದ್ರು. ಯಾರು ಬೇಕಾದ್ರೂ ಅಂದ್ರೆ ಯಾರು? ದಪ್ಪಕಿರೋರಾ, ಸಣ್ಣಕಿರೋರಾ, ಸೊಂಟ ನೋವಿರೋರಾ? ಅಳತೆ ಹೆಂಗೆ ತಗೋಳ್ಳೋದು?"

"ಆಮೇಲೆ?"

"ಹೊಲ್ದೆ. ನಾಲ್ಕು ಜನ ಇದ್ವಿ. ಮಿಕ್ಕಿದವರು ಒಂದು ಮಗ್ಗಲು ಮುಗಿಸೋದ್ರೊಳಗೆ ನಂದು ಪೂರಾ ಆಗಿ ನೀರು ಕುಡೀತಾ ಕೂತಿದ್ದೆ. ಪರೀಕ್ಷೆ ಮಾಡೋಳು ಸಂಘಮಿತ್ರಾ ಅಂತ, ಚಿಕ್ಕ ವಯಸ್ಸು. ಹೊಲಿಗೆ ನೋಡಿ ಬಾಯಿ ತೆಗೆದುಬಿಟ್ಲು. ಆಮೇಲೆ ಕೈ ಇಟ್ಟು ಒತ್ತಿದ್ಲು. ಮತ್ತೆ ಒತ್ತಿದ್ಲು. ಒಳಗೆ ಏನಿದೆ ಅಂದ್ಲು."

"ಏನಿತ್ತು?"

"ಹತ್ತಿ. ಒಂದು ಹಿಡಿ."

ಇದನ್ನು ನಿಮಗೆ ಸ್ವಲ್ಪ ವಿವರಿಸಬೇಕು. ಜಮೀಲಾಳ ತಾತ ಹತ್ತಿ ಹಿಂಜುವ ಬಿಲ್ಲು ಹೆಗಲಿಗೆ ಹಾಕಿಕೊಂಡು ಊರೂರು ತಿರುಗಿ ಹಾಸಿಗೆ ಹೊಲಿಯುತ್ತಿದ್ದವರು. ಹೊಸ ಹಾಸಿಗೆ ಹೊಲಿಯುವಾಗ ಹಳೆಯದೊಂದರಿಂದ ಒಂದು ಹಿಡಿ ಹತ್ತಿ ತೆಗೆದು ಒಳಗೆ ಇಡುವುದು ಆ ಮನೆಯ ಪದ್ಧತಿ. ತಂದೆ ಅಸ್ಗರ್ ಹಾಸಿಗೆ ಬಿಟ್ಟು ಬಸ್ಸಿನ ಸೀಟಿಗೆ ಬಂದರೂ, ಹತ್ತಿ ಹೋಗಿ ಫೋಮ್ ಬಂದರೂ, ಆ ಒಂದು ಹಿಡಿಯನ್ನು ಬಿಡಲಿಲ್ಲ. ಯಾಕೆ ಎಂದು ನಾನೇ ಅವರನ್ನು ಕೇಳಿದ್ದೆ. "ಹೊಸಾ ಹತ್ತಿಗೆ ಮನುಷ್ಯರ ಪರಿಚಯ ಇರಲ್ಲಮ್ಮ," ಅಂದಿದ್ದರು. "ಹಳೇದು ಹೇಳಿಕೊಡ್ತದೆ."

ಕ್ಯಾತಣ್ಣನ ಸೀಟಿನಲ್ಲಿ ಅವನಿಗಿಂತ ಹಿಂದಿನ ಡ್ರೈವರನ ಸೀಟಿನ ಹತ್ತಿಯಿದೆ. ವಿಮಾನದ ಸೀಟಿಗೂ ಬೇಕಲ್ಲ ಎಂದು ಜಮೀಲಾ ಮನೆಯಿಂದ ಒಂದು ಹಿಡಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿದ್ದಾಳೆ.

"ಇದೇನು ಅಂದ್ಲು. ಹತ್ತಿ ಅಂದೆ. ಯಾಕೆ ಹಾಕಿದ್ರಿ ಅಂದ್ಲು. ಹಾಕ್ಲೇಬೇಕಲ್ಲಮ್ಮ, ಹಾಕ್ದೆ ಇದ್ರೆ ಅದು ಸೀಟು ಹೆಂಗಾಗ್ತದೆ ಅಂದೆ. ಪಾಪ, ಅವಳಿಗೆ ನಗೋದಾ ಅಳೋದಾ ಗೊತ್ತಾಗಲಿಲ್ಲ. ಅಲ್ಲಿ ಫೋಮು, ಬಟ್ಟೆ ಎಲ್ಲಾ ಬೆಂಕಿಗೆ ಹಿಡಿದು ನೋಡಿ ಪಾಸು ಮಾಡಿರ್ತಾರಂತೆ. ಹೊರಗಿನ ಒಂದು ಎಳೆ ಸೇರಿದ್ರೂ ಇಡೀ ಸೀಟು ರದ್ದು."

"ಹಾಗಾದರೆ ಫೇಲಾದೆಯಾ?"

ನನ್ನ ದನಿಯಲ್ಲಿ ಏನಿತ್ತು ಎಂದು ದಯವಿಟ್ಟು ಕೇಳಬೇಡಿ.

"ಇಲ್ಲ ಮೇಡಂ. ನಿಮ್ಮಂಥ ಕೈ ನಮಗೆ ಸಿಗಲ್ಲ, ಬರೋ ಸೋಮವಾರ ಹತ್ತು ಗಂಟೆಗೆ ಮತ್ತೆ ಬನ್ನಿ, ಹತ್ತಿ ಇಲ್ಲದೆ ಒಂದು ಹೊಲಿದುಕೊಡಿ ಅಂದ್ಲು. ಮತ್ತೆ ಆ ಹತ್ತಿನ ಕಸಕ್ಕೆ ಹಾಕ್ಲಿಲ್ಲ ನೋಡಿ. ಬಿಳೀ ಹಾಳೇಲಿ ಸುತ್ತಿ, ಎರಡೂ ಕೈಲಿ ಹಿಡಿದು ನನಗೆ ವಾಪಸ್ಸು ಕೊಟ್ಲು."

ಅವಳು ಮೇಜಿನ ಡ್ರಾಯರ್ ತೆಗೆದು ಆ ಪೊಟ್ಟಣ ತೋರಿಸಿದಳು. ಯಾರ ಸೀಟಿನ ಹತ್ತಿ ಇದು ಎಂದೆ. "ಯಾವುದೋ ಹಳೇದು ಬುಡಿ," ಎಂದು ಡ್ರಾಯರ್ ತಳ್ಳಿಬಿಟ್ಟಳು.

ಆಮೇಲೆ ನೆಲ ನೋಡುತ್ತ ಹೇಳಿದಳು: "ಕೈ ಸುಮ್ಮನೆ ಕೂತ್ರೆ ನಂಗೆ ಆಗಲ್ಲ ಮೇಡಂ. ಅಲ್ಲಿ ಹೊಲಿದ್ರೆ ನನ್ನ ಸೀಟು ನಿಮ್ಮ ಮ್ಯಾಪಲ್ಲಿರೋ ಊರಿಗೆಲ್ಲ ಹೋಗ್ತದೆ. ಆದ್ರೆ ಹತ್ತಿ ಇಲ್ದೆ ಹೊಲಿಬೇಕು. ಈ ಅಂಗಡಿ ಬಾಗಿಲು ಹಾಕ್ಬೇಕು. ಗುರುವಾರ..." ಅಲ್ಲಿಗೆ ನಿಲ್ಲಿಸಿದಳು. "ಹೋಗ್ಲಾ, ಬೇಡ್ವಾ? ನೀವು ಹೇಳ್ದಂಗೆ ಮಾಡ್ತೀನಿ."

ಓದಿದವಳು, ಮೂವತ್ತು ವರ್ಷ ಮಕ್ಕಳಿಗೆ ಬುದ್ಧಿ ಹೇಳಿದವಳು, ನಾನು ಏನು ಹೇಳಿದೆ ಗೊತ್ತೇ?

"ಟೀ ಆರಿಹೋಗುತ್ತೆ, ಕುಡಿ."

ಸಂಜೆಯ ಬಸ್ಸಿನಲ್ಲಿ ವಾಪಸ್ಸು ಬಂದೆವು. ಮಧುಗಿರಿಯಲ್ಲಿ ಇಳಿಯುವಾಗ ಅವಳು ದಿಂಬನ್ನು ಚೀಲಕ್ಕೆ ಹಾಕಿಕೊಳ್ಳದೆ ನನ್ನ ಕೈಗೆ ಕೊಟ್ಟಳು. "ಇದು ನಿಮ್ಮ ಹತ್ರಾನೇ ಇರ್ಲಿ ಮೇಡಂ, ಈ ಸಲ."

೪

ಅಂತ್ಯಗಳನ್ನು ಮೊದಲೇ ಬರೆದಿಟ್ಟುಕೊಂಡರೆ ಉತ್ತರ ಸುಲಭವಾಗಬಹುದು ಎನ್ನಿಸಿತು.

ಮೊದಲ ಅಂತ್ಯ. ಸೋಮವಾರ ಪರೀಕ್ಷೆಯಲ್ಲಿ ಜಮೀಲಾಳ ಕೈ ನಡುಗುತ್ತದೆ. ಹೊಲಿಗೆ ಸೊಟ್ಟಗಾಗುತ್ತದೆ. ಅವರು ಕ್ಷಮಿಸಿ ಅನ್ನುತ್ತಾರೆ. ಗುರುವಾರ ಎಂಟೂ ಇಪ್ಪತ್ತಕ್ಕೆ ದಿಂಬು ಎಂದಿನಂತೆ ಕಿಟಕಿಯಿಂದ ಬೀಳುತ್ತದೆ.

"ಯಾರ ಕೈ ನಡುಗಿದ್ದು?" ಹಾಳೆಯ ಮೇಲಿನ ಜಮೀಲಾ ಎದ್ದು ನಿಂತಳು. "ನನ್ನ ಕೈಯಾ? ಸೊಟ್ಟ ಹೊಲಿಗೆ, ನಾನು? ಬೇಕಾದ್ರೆ ನನ್ನ ಸಾಯಿಸಿಬಿಡಿ ಮೇಡಂ, ಸೊಟ್ಟ ಹೊಲ್ಸಬೇಡಿ."

"ಕಥೆ ಕಣೇ ಇದು."

"ಕಥೆ ಓದೋರಿಗೆ ನಾನು ಯಾರು ಅಂತ ಗೊತ್ತಾ? ಅವರು ನಿಜ ಅಂದ್ಕೊಂಡುಬಿಡ್ತಾರೆ. ಅಬ್ಬಾನ ಹೆಸರು ಬೋರ್ಡಿನ ಮೇಲೆ ಐತೆ."

ಹರಿದೆ.

ಎರಡನೇ ಅಂತ್ಯ. ಕಾರ್ಖಾನೆಯೇ ಶಿರಾಕ್ಕೆ ಬರುತ್ತದೆ. ಶಿರಾ ಕೆರೆಯ ಅಂಗಳದಲ್ಲಿ ರನ್‌ವೇ. ಎಂಟೂ ಇಪ್ಪತ್ತರ ವಿಮಾನಕ್ಕೆ ಕ್ಯಾತಣ್ಣನೇ ಪೈಲಟ್, ಬಲಕ್ಕೆ ವಾಲಿಕೊಂಡು ಓಡಿಸುತ್ತಾನೆ, ವಿಮಾನವೂ ಸ್ವಲ್ಪ ಬಲಕ್ಕೇ ಹೋಗುತ್ತದೆ. ಜಮೀಲಾ ಕಿಟಕಿಯಿಂದ ದಿಂಬು ಎಸೆಯಲು ನೋಡುತ್ತಾಳೆ, ವಿಮಾನದ ಕಿಟಕಿ ತೆಗೆಯುವುದಿಲ್ಲ. ಇಲ್ಲಿ ಕಥೆ ನಿಂತುಹೋಯಿತು. ಕಿಟಕಿ ತೆಗೆಯದ ಗಾಡಿಯಲ್ಲಿ ತಡವಾಗಿ ಬರುವವರಿಗೆ ಯಾರು ಸೀಟು ಹಿಡಿದುಕೊಡುತ್ತಾರೆ?

ಮೂರನೇ ಅಂತ್ಯ. ಎಷ್ಟೋ ವರ್ಷದ ಮೇಲೆ ನಾನು ವಿಮಾನ ಹತ್ತಿದ್ದೇನೆ. ಎಲ್ಲಿಗೆ ಎಂದು ಕೇಳಬೇಡಿ, ನಕ್ಷೆ ಮುಂದೆ ಇಟ್ಟುಕೊಂಡು ಕೂತರೂ ನನಗೆ ಹೊಳೆಯಲಿಲ್ಲ. ಆಚೆ ಕಡೆ ನನ್ನನ್ನು ಕಾಯುವವರು ಯಾರೂ ಇಲ್ಲ. ಈಚೆ ಕಡೆ ಕಳಿಸಲು ಬಂದವರೂ ಇಲ್ಲ. ಮೂರರಲ್ಲಿ ನಡುವಿನ ಸೀಟು ನನ್ನದು, ಎರಡು ಬೆರಳು ಹೆಚ್ಚು ಅಗಲದ್ದು. ಮೊಣಕೈ ಎರಡೂ ಚೆನ್ನಾಗಿ ಕೂತಿವೆ. ಕೈ ಕೆಳಗೆ ಹಾಕಿ ಸೀಟಿನ ಹೊಲಿಗೆಯನ್ನು ತಡವುತ್ತೇನೆ. ಅವಳು ಮೂಲೆಯಲ್ಲಿ ಎರಡು ಸಲ ತಿರುಗಿಸಿ ಗಂಟು ಹಾಕುತ್ತಾಳೆ, ಕತ್ತಲಲ್ಲೂ ಗುರುತು ಹಿಡಿಯಬಲ್ಲೆ. ಇದು ಅವಳದಲ್ಲ. ಎದ್ದು ಹಿಂದಿನ ಸಾಲು ತಡವುತ್ತೇನೆ. ಅದೂ ಅಲ್ಲ. ತೊಂಬತ್ತು ಸಾವಿರ ಸೀಟಿದೆ. ಗಗನಸಖಿ ಬಂದು, "ಅಜ್ಜೀ, ಏನಾದರೂ ಕಳೆದುಕೊಂಡಿರಾ?" ಎಂದು ಕೇಳುತ್ತಾಳೆ.

ಇದನ್ನು ಮುಂದುವರಿಸಲಾರೆ.

೫

(ಈ ಭಾಗದಲ್ಲಿ ನನ್ನ ಒಂಟಿತನದ ಬಗ್ಗೆ ಒಂದೂವರೆ ಪುಟ ಬರೆದಿದ್ದೆ. ಓದಿ ನೋಡಿದರೆ ಯಾರೋ ದೂರು ಹೇಳಿಕೊಂಡ ಹಾಗಿತ್ತು. ತೆಗೆದುಬಿಟ್ಟೆ. ನಿಮಗೆ ಬೇಕಿದ್ದರೆ ಇಷ್ಟು: ವಾರಕ್ಕೆ ಏಳು ದಿನ ಎಂದು ಎಲ್ಲರೂ ಅನ್ನುತ್ತಾರೆ. ನನಗೆ ಇರುವುದು ಒಂದು.)

೬

ಶನಿವಾರ ಮಧ್ಯಾಹ್ನ. ಬೆಟ್ಟದ ನೆರಳು ಇನ್ನೂ ನಮ್ಮ ಬೀದಿಗೆ ಬಂದಿರಲಿಲ್ಲ. ಬರೆಯಲು ಕುರ್ಚಿಯ ಮೇಲೆ ಆ ನೀಲಿ ದಿಂಬು ಹಾಕಿಕೊಂಡು ಕೂತಿದ್ದೆ. ಸೊಂಟ ನೋಯುತ್ತಲೇ ಇತ್ತು. ಮೊನ್ನೆಯಿಂದಲೂ. ವಯಸ್ಸು ಎಂದುಕೊಂಡು ಸರಿದು ಕೂತೆ, ಮತ್ತೆ ಸರಿದೆ. ಆಮೇಲೆ ಗೊತ್ತಾಯಿತು, ನನ್ನ ದೇಹ ಎಡಕ್ಕೆ ಜಾರುತ್ತಿದೆ.

ದಿಂಬು ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಎಡಗಡೆ ತಗ್ಗಾಗಿತ್ತು. ಅಡಿಯಲ್ಲಿ ನಾಲ್ಕು ಬೆರಳುದ್ದ ಹೊಸ ಹೊಲಿಗೆ. ಹಳೆಯ ದಾರ ಮಾಸಿ ಬೂದಿ ಬಣ್ಣವಾಗಿದೆ, ಇದು ಹೊಚ್ಚಹೊಸ ನೀಲಿ. ಮೂಲೆಯಲ್ಲಿ ಎರಡು ಸಲ ತಿರುಗಿಸಿ ಹಾಕಿದ ಗಂಟು.

ಯಾವುದೋ ಹಳೇದು ಬುಡಿ, ಅಂದಿದ್ದಳು.

ಅಂಗಡಿ ತುಂಬ ಹಳೆಯ ಸೀಟುಗಳು ಬಿದ್ದಿವೆ. ಎಷ್ಟೋ ಡ್ರೈವರುಗಳ ಹತ್ತಿ ಇದೆ, ಅವಳ ತಂದೆ ಕೂತ ಗಾದಿಯ ಹತ್ತಿ ಇದೆ. ಅದನ್ನೆಲ್ಲ ಬಿಟ್ಟು ನನ್ನ ದಿಂಬನ್ನು ಬಿಚ್ಚಿದ್ದಾಳೆ. ಯಾರು ಬೇಕಾದರೂ ಕೂರುವ ಆ ಸೀಟಿನೊಳಗೆ ನನ್ನನ್ನು ಇಟ್ಟು ಹೊಲಿದಿದ್ದಾಳೆ. ಅವಳ ಮೊದಲ ವಿಮಾನದ ಸೀಟು ನಾನಿದ್ದ ಕಾರಣಕ್ಕೆ ರದ್ದಾಯಿತು.

ಹಾಳೆಯ ಮೇಲಿನ ಜಮೀಲಾಳನ್ನು ಕರೆದೆ. "ಯಾಕೆ ಹೀಗೆ ಮಾಡಿದೆ?" ಎಂದು ಕೇಳೋಣ ಎಂದು. ಅವಳು ತಲೆ ಎತ್ತಲಿಲ್ಲ. ನನಗೆ ಗೊತ್ತಿಲ್ಲದ್ದನ್ನು ಹಾಳೆಯವಳು ಹೇಳಲಾರಳು. ಬರೆಯುವವರ ಕಷ್ಟ ಇದೇ ನೋಡಿ, ನಮ್ಮ ಪಾತ್ರಗಳಿಗೆ ನಮ್ಮಷ್ಟೇ ಬುದ್ಧಿ.

ಭಾನುವಾರ ನನ್ನ ತಲೆದಿಂಬಿನ ಮೂಲೆ ಬಿಚ್ಚಿ ಒಂದು ಹಿಡಿ ಹತ್ತಿ ತೆಗೆದೆ. ನೀಲಿ ದಿಂಬಿನ ಎಡಗಡೆ ತುಂಬಿ ಹೊಲಿದೆ. ಕನ್ನಡಕ ಹಾಕಿಕೊಂಡರೂ ಸೂಜಿಗೆ ದಾರ ಪೋಣಿಸಲು ಮೂರು ಸಲ ಬೇಕಾಯಿತು. ಹೊಲಿಗೆ ಬಹಳ ಸೊಟ್ಟಗಿದೆ. ಇದನ್ನು ನೋಡಿದರೆ ಅವಳು ನನ್ನನ್ನು ಬಿಡುವುದಿಲ್ಲ.

೭

ಇದನ್ನು ಮಧುಗಿರಿ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಸೋಮವಾರ. ಬೆಳಿಗ್ಗೆ ಆರೂ ಐದು.

ಜೀವನದಲ್ಲಿ ಮೊದಲ ಸಲ ಬಸ್ಸಿಗಿಂತ ಮುಂಚೆ ಬಂದಿದ್ದೇನೆ. ಪಾವಗಡದಿಂದ ಹೊರಟು ಕೊರಟಗೆರೆ ಮೇಲೆ ಹೋಗುವ ಬಸ್ಸು ಇದು. ಹತ್ತು ಗಂಟೆಯೊಳಗೆ ಕಾರ್ಖಾನೆ ಮುಟ್ಟಬೇಕಾದರೆ ಇದೊಂದೇ. ಜಮೀಲಾ ಹೊರಡುವುದಾದರೆ ಇದಕ್ಕೇ ಬರಬೇಕು. ಬರುತ್ತೇನೆ ಎಂದು ಅವಳು ಹೇಳಿಲ್ಲ. ನಾನು ಕೇಳಿಲ್ಲ. ಫೋನು ಮಾಡಬಹುದಿತ್ತಲ್ಲ ಅನ್ನುತ್ತೀರಿ. ನಿನ್ನೆ ಎರಡು ಸಲ ಮಾಡಿದೆ. ಎರಡು ಸಲವೂ ಊಟ ಆಯಿತಾ ಎಂದು ಕೇಳಿ ಇಟ್ಟೆ.

ಬಸ್ಸು ಬಂದಾಗಲೇ ಮುಕ್ಕಾಲು ತುಂಬಿತ್ತು. ವೈ.ಎನ್.ಹೊಸಕೋಟೆ ಕಡೆಯವರು, ಮೂಟೆಗಳು, ಮಲಗಿದ ಮಕ್ಕಳು. ಬಲಗಡೆ ಮೂರನೇ ಕಿಟಕಿಯಲ್ಲಿ ನನ್ನಷ್ಟೇ ವಯಸ್ಸಿನ ಒಬ್ಬರು ಹೆಂಗಸು, ಪಕ್ಕದ ಸೀಟು ಖಾಲಿ. ದಿಂಬು ಎತ್ತಿ ಹಿಡಿದೆ. ನನ್ನ ಕೈ ಕಿಟಕಿಗೆ ಎಟುಕಲಿಲ್ಲ. ಹದಿನೇಳು ವರ್ಷ ಅವಳು ಎಸೆದದ್ದು ಎಷ್ಟು ಸಲೀಸಾಗಿ ಕಾಣುತ್ತಿತ್ತು!

ಆ ಹೆಂಗಸು ಎರಡೂ ಕೈ ಹೊರಗೆ ಚಾಚಿ ದಿಂಬು ತೆಗೆದುಕೊಂಡರು. "ಇಲ್ಲಿಕೇನಾ ಅಮ್ಮಾ? ಇಡ್ತೀನಿ ಇರಮ್ಮಾ," ಎಂದು ತೆಲುಗು ಬೆರೆತ ಕನ್ನಡದಲ್ಲಿ ಹೇಳಿ ಪಕ್ಕದ ಸೀಟಿನ ಮೇಲೆ ಇಟ್ಟು, ಎರಡು ಸಲ ತಟ್ಟಿ ಸರಿ ಮಾಡಿದರು. "ನಾ ಪೇರು ಓಬಳಮ್ಮ. ನೀ ದಿಂಬುಗೆ ಏಮೀ ಕಾದು, ಏನೂ ಆಗಲ್ಲ, ನಾನು ನೋಡ್ಕೋತೀನಿ."

ದಿಂಬಿಗೆ ಒಂದು ಚೀಟಿ ಪಿನ್ನು ಮಾಡಿದ್ದೇನೆ. ಇಷ್ಟು ಪುಟ ಬರೆದರೂ ಸಿಗದ ಉತ್ತರ ಅದರಲ್ಲಿ ಒಂದು ಸಾಲಿನಲ್ಲಿದೆ: "ಹತ್ತಿಯನ್ನು ಒಳಗೆ ಹಾಕಬೇಡ, ಇದರ ಮೇಲೆ ಕೂತುಕೊಂಡು ಹೊಲಿ."

ಡ್ರೈವರು, ಕಂಡಕ್ಟರು ಟೀ ಕುಡಿಯಲು ಹೋಗಿದ್ದಾರೆ. ಅಷ್ಟರಲ್ಲಿ ಇಬ್ಬರು ಆ ಸೀಟಿಗೆ ಬಂದರು. ಇಬ್ಬರನ್ನೂ ಓಬಳಮ್ಮ ಎಬ್ಬಿಸಿ ಕಳಿಸಿದರು. ಯಾರಿಗಾಗಿ ಕಾಯುತ್ತಿದ್ದೇವೆ ಎಂದು ಅವರಿಗೆ ಗೊತ್ತಿಲ್ಲ.

ಓದುಗರೇ, ನಿಮಗೆ ಎರಡು ಅಂತ್ಯ ಕಾಣುತ್ತಿರಬಹುದು. ಅವಳು ಬಂದರೆ, ಈ ಬಸ್ಸು ಅವಳನ್ನು ಕರೆದುಕೊಂಡು ಹೋಗುತ್ತದೆ. ಬಾರದಿದ್ದರೆ, ದಿಂಬನ್ನು ಇಳಿಸಿಕೊಂಡು ನಾನು ಮನೆಗೆ ಹೋಗಬೇಕು, ಗುರುವಾರ ಎಂದಿನಂತೆ ಬರುತ್ತದೆ. ಯಾವುದು ಸಂತೋಷದ್ದು ಎಂದು ನನ್ನನ್ನು ಕೇಳಬೇಡಿ. ಮೊನ್ನೆಯವರೆಗೆ ಗೊತ್ತಿತ್ತು.

ಟೀ ಮುಗಿಯಿತು. ಡ್ರೈವರು ಹತ್ತಿದ. ಕಂಡಕ್ಟರು ಕಿಟಕಿಗಳ ಕೆಳಗೆ ತಟ್ಟುತ್ತ ಬಂದ. "ಯಾರ್ದು ಕಣಮ್ಮ ಆ ದಿಂಬು? ಜನ ನಿಂತವ್ರೆ, ಎತ್ತಮ್ಮ ಅದನ್ನ."

ಓಬಳಮ್ಮ ದಿಂಬಿನ ಮೇಲೆ ಕೈಯಿಟ್ಟುಕೊಂಡೇ ಕಿಟಕಿಯಿಂದ ಬಗ್ಗಿದರು. "ಅಮ್ಮಾ, ಎವರನ್ನಾ ವಸ್ತಾರಾ? ಬರ್ತಾರಾ, ಇಲ್ಲಾ?"

"ಅರ್ಧ ಬಂದಿದ್ದಾಳಮ್ಮ," ಅಂದೆ. "ಮಿಕ್ಕಿದ್ದು ಬರ್ತಾ ಇದೆ."

ಕಂಡಕ್ಟರು ನನ್ನನ್ನು ನೋಡಿದ, ದಿಂಬನ್ನು ನೋಡಿದ. ಏನನ್ನಿಸಿತೋ, ಸೀಟಿಯನ್ನು ಬಾಯಿಯವರೆಗೆ ತಂದವನು ಇಳಿಸಿ, ಹಿಂದಿನ ಚಕ್ರ ನೋಡುವವನ ಹಾಗೆ ನಿಧಾನವಾಗಿ ಆಚೆ ನಡೆದ. ಎಂಜಿನ್ನು ಓಡುತ್ತಲೇ ಇದೆ. ಪೇಟೆ ಕಡೆಯ ತಿರುವು ಇಲ್ಲಿಂದ ಚೆನ್ನಾಗಿ ಕಾಣುತ್ತದೆ. ಆದರೆ ಆ ತಿರುವನ್ನು ನೋಡುತ್ತ ಬರೆಯುವುದು ನನ್ನಿಂದ ಆಗುತ್ತಿಲ್ಲ, ಎರಡರಲ್ಲಿ ಒಂದನ್ನು ನಿಲ್ಲಿಸಬೇಕು. ಬರೆಯುವುದನ್ನು ನಿಲ್ಲಿಸುತ್ತೇ—